ಹೆಸರಿನ ನಡುವಿನ ಖಾಲಿ ಜಾಗ

ಪ್ರೋಗ್ರಾಮರ್ ಇನ್ನೇನು ಎಂಟರ್ ಒತ್ತಬೇಕು, ಆಸ್ಪತ್ರೆಯ ಔಷಧ ವಿಭಾಗದ ಮುಖ್ಯಸ್ಥೆ ತಡೆದರು. "ಇರಮ್ಮ, ಫೈಲಿಗೆ ಹೆಸರು ನಾನೇ ಇಡ್ತೀನಿ." ಕೀಬೋರ್ಡನ್ನು ಎಳೆದುಕೊಂಡು, 'ಮಕ್ಕಳ ಡೋಸ್ ಹೊಸದು ಇದೇ ಕೊನೇದು' ಎಂದು ಬೇಕೆಂದೇ ಪದಪದಕ್ಕೂ ಜಾಗ ಬಿಟ್ಟು ಟೈಪ್ ಮಾಡಿದರು.

ಅವರ ಅನುಮಾನಕ್ಕೆ ಕಾರಣವಿತ್ತು. ಯಾವ ಫೈಲುಗಳು ಬದಲಾಗಿವೆ ಎಂದು ದಾಖಲೆಯ ತಂತ್ರಾಂಶ ಹೇಳಿದ್ದನ್ನು ಓದಿ, ಅವನ್ನು ವಾರ್ಡುಗಳಿಗೆ ತಾನಾಗಿಯೇ ಕಳಿಸುವುದು ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಮಿನ ಕೆಲಸ. ಹೋದ ವಾರ ಅದು ನಡುವೆ ಜಾಗವಿದ್ದ ಒಂದು ಹೆಸರನ್ನು ಎರಡು ಹೆಸರೆಂದು ಓದಿ, ಮಕ್ಕಳ ಡೋಸಿನ ಹೊಸ ಪಟ್ಟಿಯನ್ನೇ ಕೈಬಿಟ್ಟಿತ್ತು. ನರ್ಸೊಬ್ಬಳ ಕಣ್ಣಿಗೆ ಬಿದ್ದದ್ದರಿಂದ ಅನಾಹುತ ತಪ್ಪಿತ್ತು.

"ಹೆಸರಲ್ಲಿ ಜಾಗ ಬಿಡಬೇಡಿ ಅಂತ ಸುತ್ತೋಲೆ ಕಳಿಸಿ, ಮುಗೀತು," ಎಂದಿದ್ದರು ಕಂಪ್ಯೂಟರ್ ವಿಭಾಗದ ಮೇಲಧಿಕಾರಿ.

"ಜನ ತಮಗೆ ತೋಚಿದ ಹಾಗೇ ಹೆಸರಿಡ್ತಾರೆ ಸರ್. ಸ್ಕ್ರಿಪ್ಟಿಗೆ ಅರ್ಥ ಆಗೋ ಹಾಗೆ ಹೇಳೋದು ನಮ್ಮ ಕೆಲಸ," ಎಂದಿದ್ದಳು ಪ್ರೋಗ್ರಾಮರ್. ಮೂರು ದಿನ ಕೂತು, ತಂತ್ರಾಂಶದ ಉತ್ತರದಲ್ಲಿ ಮನುಷ್ಯರಿಗೆಂದು ಇದ್ದ ಬಣ್ಣ, ಸಲಹೆಗಳನ್ನೆಲ್ಲ ಕಳಚಿದ್ದಳು. ಪ್ರತಿ ಹೆಸರು ಮುಗಿದಲ್ಲಿ, ಯಾವ ಹೆಸರಿನೊಳಗೂ ಬರಲಾರದ ಒಂದು ಗುರುತು ಬೀಳುವಂತೆ ಮಾಡಿದ್ದಳು.

ಈಗ ಎಂಟರ್ ಒತ್ತಿದಳು. ಪರೀಕ್ಷೆಗೆಂದು ಪಕ್ಕದಲ್ಲೇ ಇಟ್ಟಿದ್ದ ವಾರ್ಡಿನ ಕಂಪ್ಯೂಟರಿನ ಪರದೆಯ ಮೇಲೆ ಆ ಉದ್ದನೆಯ ಹೆಸರು ಇಡಿಯಾಗಿ ಮೂಡಿತು. ಮುಖ್ಯಸ್ಥೆ ಫೈಲು ತೆರೆದು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿದರು. "ಎಲ್ಲಾ ಸರಿಯಾಗಿದೆ," ಎಂದರು ಮೆಲ್ಲಗೆ.

ಮೇಲಧಿಕಾರಿ ಪಕ್ಕದ ಮೇಜುಗಳವರನ್ನೆಲ್ಲ ಕರೆದು, ಪ್ರೋಗ್ರಾಮರ್ ಕಡೆ ಕೈ ತೋರಿಸಿದರು. "ಇದು ಇವರು ಮಾಡಿದ್ದು. ನನಗೆ ಹೊಳೆದಿರಲಿಲ್ಲ. ಎಲ್ಲಾ ವಾರ್ಡಿಗೂ ಇದನ್ನೇ ಹಾಕೋಣ."

ಆಕೆಗೆ ಎದ್ದು ನಿಲ್ಲಬೇಕೆನಿಸಿತು. ನಿಂತಳು.