ಏಳನೆಯ ಮೆಟ್ಟಿಲು

"ಇದನ್ನೆಲ್ಲ ಈಗ ಯಾರು ಬಳಸ್ತಾರೆ ಆಂಟಿ?" ಎಂದು ಕೇಳಿದ ಹುಡುಗಿ ಕರಪತ್ರವನ್ನು ಮೇಜಿನ ಮೇಲೇ ಬಿಟ್ಟು ಹೋದಳು. ವೆಬ್‌ಸೈಟ್ ಕಟ್ಟುವವರ ಸಮಾವೇಶದಲ್ಲಿ ಬಾಗಿಲ ಪಕ್ಕದ ಮೇಜು ಹಿಡಿದು ಬೆಳಗಿನಿಂದ ನಿಂತಿದ್ದ ಟೈಲರಮ್ಮ ಏನು ತಾನೇ ಹೇಳಿಯಾಳು? ಅವಳಿಗೆ ಗೊತ್ತಿದ್ದುದು ಗಂಡ ಬಾಯಿಪಾಠ ಮಾಡಿಸಿ ಕಳಿಸಿದ್ದ ಎರಡೇ ಮಾತು. ಒಂದು, 'ಏಣಿ' ಎಂಬ ಈ ಸಲಕರಣೆ ಇದ್ದರೆ ಏಳು ಮೆಟ್ಟಿಲಲ್ಲಿ ಯಾರು ಬೇಕಾದರೂ ವೆಬ್‌ಸೈಟ್ ಕಟ್ಟಬಹುದು. ಎರಡು, ಇದು ಎಲ್ಲರಿಗೂ ಪುಕ್ಕಟೆ. ಒಳಗೆ ಬರೆದದ್ದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಹದಿನಾಲ್ಕು ವರ್ಷ ಕೂತು ಅದನ್ನು ಬರೆದ ಗಂಡ ಈಗ ಎದ್ದು ಕೂರಲೂ ಆಗದೆ ಮನೆಯಲ್ಲಿ ಮಲಗಿದ್ದ. ಡಾಕ್ಟರು ಕೈಚೆಲ್ಲಿದ್ದರು.

"ನಾನು ಹೋಗೋದ್ರೊಳಗೆ ಹೊಸಬರು ಒಬ್ಬರಾದ್ರೂ ತುದಿ ತನಕ ಹತ್ತಲಿ ಕಣೇ. ಇನ್ನೇನೂ ಬೇಡ ನಂಗೆ" ಎಂದಿದ್ದ.

ಸಂಜೆ ಮನೆಗೆ ಬಂದವಳೇ ಉಳಿದ ಕರಪತ್ರಗಳನ್ನು ಬಟ್ಟೆಗಂಟಿನ ಕೆಳಗೆ ತುರುಕಿ, "ಅಯ್ಯೋ, ಜನವೋ ಜನ ಕಣ್ರೀ! ಕರಪತ್ರ ಸಾಲಲೇ ಇಲ್ಲ" ಎಂದಳು. ಅವನು ತಲೆದಿಂಬಿನ ಪಕ್ಕದ ಪುಟ್ಟ ಗಂಟೆಯ ಕಡೆ ನೋಡಿದ. ಎಲ್ಲೇ ಆಗಲಿ, ಯಾರೇ ಹೊಸಬರು ಏಣಿಯ ಮೂರನೆಯ ಮೆಟ್ಟಿಲು ಮುಟ್ಟಿದರೆ ಅದು ಟಿಣ್ ಎನ್ನುವ ಹಾಗೆ ಅವನೇ ಮಂಚದ ಪಕ್ಕದ ತನ್ನ ಕಂಪ್ಯೂಟರಿಗೆ ಜೋಡಿಸಿದ್ದ. ಒಂದು ಕಾಲದಲ್ಲಿ ಅದರ ಕಾಟಕ್ಕೆ ಮಧ್ಯಾಹ್ನ ಕಣ್ಣು ಮುಚ್ಚುವ ಹಾಗಿರಲಿಲ್ಲ. "ಇದು ಗಂಟೆಯಲ್ಲ, ನನ್ನ ಸವತಿ" ಎಂದು ಅವಳು ರೇಗುತ್ತಿದ್ದಳು. ಈಗ ಸವತಿ ಬಾಯಿ ಬಿಟ್ಟು ಎಂಟು ತಿಂಗಳಾಗಿತ್ತು.

ಮರುದಿನ ಬೆಳಿಗ್ಗೆ ಟೈಲರಮ್ಮ ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಟಳು. ಅದರಲ್ಲೇ ಗಂಡ ಬರೆದ ಕೈಪಿಡಿಯನ್ನು ತೆರೆದು ಒಂದೊಂದೇ ಮೆಟ್ಟಿಲು ಓದಿಕೊಂಡು ಒಂದೇ ಬೆರಳಲ್ಲಿ ಒತ್ತುತ್ತಾ ಹೋದಳು. 'ನಿಮ್ಮ ವೆಬ್‌ಸೈಟಿಗೆ ಹೆಸರಿಡಿ' ಎಂದಿತು ಏಣಿ. ಏನಿಡುವುದು? ಕಣ್ಣೆದುರು ಅರ್ಧ ಹೊಲಿದ ಅಂಗಿ ಇತ್ತು. 'ಕಾಲರ್' ಎಂದು ಬರೆದಳು. ಮೂರನೆಯ ಮೆಟ್ಟಿಲಿಗೆ ಒಳಗಿನಿಂದ ಟಿಣ್!

"ಬಂದ್ರು! ಯಾರೋ ಬಂದ್ರು ಕಣೇ!"

ಎಷ್ಟು ದಿನವಾಗಿತ್ತು ಆ ಧ್ವನಿ ಕೇಳಿ! ಅವಳು ಅಂಗಿಬಟ್ಟೆಯನ್ನೇ ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ದಿನಕ್ಕೊಂದು ಹೆಸರು: ಜೇಬು, ತೋಳು, ಅಸ್ತರು, ಕತ್ತರಿ. ಕೊನೆಯ ಏಳನೆಯ ಮೆಟ್ಟಿಲು ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಉದ್ದುದ್ದ ಸಾಲು, ತಲೆಬುಡ ತಿಳಿಯದ ಗುರುತುಗಳು. ಗಂಟೆ ಹೊಡೆದರೆ ಸಾಕಲ್ಲ ಎಂದು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು.

ಹದಿನೈದು ದಿನ ಕಳೆದಿರಬೇಕು. ಗಂಜಿ ಕುಡಿಸುವಾಗ ಅವನು ಮುಖ ತಿರುಗಿಸಿದ. "ಬಂದೋರೆಲ್ಲ ಏಳನೇ ಮೆಟ್ಟಿಲಲ್ಲಿ ವಾಪಸ್ ಹೋಗ್ತಿದಾರೆ ಕಣೇ. ಒಬ್ಬರಂದ್ರೆ ಒಬ್ಬರೂ ದಾಟಿಲ್ಲ. ಹದಿನಾಲ್ಕು ವರ್ಷ ಬರೆದೂ, ಅರ್ಥ ಆಗೋ ಹಾಗೆ ನಾಲ್ಕು ಸಾಲು ಬರೆಯೋಕೆ ಬರಲಿಲ್ವಲ್ಲ ನಂಗೆ."

ಅವನು ನಗಲಿ ಎಂದು ಮಾಡಿದ್ದು ಹೋಗಿ ಹೋಗಿ ಅವನಿಗೇ ಚುಚ್ಚಿತ್ತು. ನಿಜ ಹೇಳಿದರೆ ಬಂದವರು ಯಾರೂ ಇಲ್ಲವೆಂದಾಗುತ್ತದೆ, ಹೇಳದಿದ್ದರೆ ಬಂದವರೆಲ್ಲ ಬೇಡವೆಂದು ಹೋದಂತಾಗುತ್ತದೆ. ಬಾಯಲ್ಲಿ ಬಿಸಿತುಪ್ಪ. "ಬಿಡಿ, ಈಗಿನವರಿಗೆ ತಾಳ್ಮೆ ಎಲ್ಲಿದೆ?" ಎಂದಷ್ಟೇ ಹೇಳಿದಳು.

"ತಪ್ಪು ಅವರದ್ದಲ್ಲ. ನನ್ನ ಎತ್ತಿ ಕೂರಿಸು."

ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದಳು. ಮೂರು ದಿನ, ಉಸಿರು ಹಿಡಿದು ಹಿಡಿದು ಅವನು ಕಂಪ್ಯೂಟರಿನಲ್ಲಿ ಅದೇನೋ ತಿದ್ದಿದ. ನಡುವೆ ಇದ್ದಕ್ಕಿದ್ದಂತೆ, "ಕನ್ನಡಕ ಇನ್ನೂ ತಲೆ ಮೇಲಿಟ್ಕೊಂಡೇ ಹುಡುಕ್ತೀಯಾ?" ಎಂದು ಕೇಳಿದ.

"ಈಗ ಯಾಕ್ರೀ ಆ ಮಾತು?"

"ಸುಮ್ನೆ ಕೇಳ್ದೆ."

ನಾಲ್ಕನೆಯ ದಿನ ಬೆರಳು ಏಳಲಿಲ್ಲ. ಮುಂದಿನ ವಾರ ಅವನು ಹೋಗಿಬಿಟ್ಟ.

ನೆಂಟರೆಲ್ಲ ಹೊರಟ ಮೇಲೆ ಒಂದು ಮಧ್ಯಾಹ್ನ, ಯಾಕೆಂದು ಅವಳಿಗೇ ತಿಳಿಯದು, ಟೈಲರಮ್ಮ ಮತ್ತೆ ಲ್ಯಾಪ್‌ಟಾಪ್ ತೆರೆದಳು. ಹೆಸರು ಕೇಳಿತು, 'ದಾರ' ಎಂದಿಟ್ಟಳು. ಮೂರನೆಯ ಮೆಟ್ಟಿಲಿಗೆ ಒಳಗೆ ಟಿಣ್ ಎಂದಿತು; ಅವನ ಕಂಪ್ಯೂಟರನ್ನು ಆರಿಸಲು ಅವಳಿಗೆ ಮನಸ್ಸೇ ಬಂದಿರಲಿಲ್ಲ. ಅಭ್ಯಾಸಬಲದಿಂದ ಕೈ ನಿಲ್ಲಿಸಿ ಕಿವಿಗೊಟ್ಟಳು. ಖಾಲಿ ಕೋಣೆ ಏನು ಹೇಳೀತು! ಮುಂದಕ್ಕೆ ಒತ್ತಿದಳು. ನಾಲ್ಕು, ಐದು, ಆರು. ಏಳರಲ್ಲಿ ಆ ಉದ್ದುದ್ದ ಸಾಲುಗಳಿರಲಿಲ್ಲ.

'ಏಳನೆಯ ಮೆಟ್ಟಿಲು: ಮೊದಲು ಕನ್ನಡಕ ಹಾಕಿಕೋ, ತಲೆ ಮೇಲಿದೆ ನೋಡು. ಕಾಲರ್, ಜೇಬು, ಕತ್ತರಿ ಎಲ್ಲ ಪಕ್ಕಕ್ಕಿಡು. ಕೆಳಗೆ ಹಸಿರು ಬಣ್ಣದ್ದು ಕಾಣುತ್ತಲ್ಲ, ಅದನ್ನು ಒಂದು ಸಲ ಒತ್ತು. ಹೆದರಬೇಡ ಕಣೇ, ಏನೂ ಕೆಡೋದಿಲ್ಲ.'

ಹೊಸಬರು ಇಟ್ಟ ಹೆಸರುಗಳೆಲ್ಲ ಅವನ ಪರದೆಯ ಮೇಲೆ ಸಾಲಾಗಿ ಬೀಳುತ್ತಿದ್ದವು ಎಂಬುದು ಅವಳಿಗೆ ಆಗ ಹೊಳೆಯಿತು. ಎಲ್ಲ ಗೊತ್ತಿದ್ದೂ ದಿನವೂ "ಯಾರೋ ಬಂದ್ರು ಕಣೇ" ಎಂದು ಕೂಗಿದ್ದನಲ್ಲ, ಪುಣ್ಯಾತ್ಮ! ತಲೆ ತಡವಿದಳು. ಕನ್ನಡಕ ಅಲ್ಲೇ ಇತ್ತು. ಹಾಕಿಕೊಂಡು ಹಸಿರನ್ನು ಒತ್ತಿದಳು. ಬಿಳಿ ಪುಟವೊಂದು ತೆರೆದುಕೊಂಡು, 'ಇಲ್ಲಿ ಏನಾದರೂ ಬರೆಯಿರಿ' ಎಂದಿತು.

ಅವಳು ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಬರೆದಳು: 'ಒಬ್ಬಳು ಹತ್ತಿದಳು ರೀ.'