ಬಿಚ್ಚಿ ಮುಗಿದ ಸಂಖ್ಯೆ

ಒದ್ದೆ ರೇಷ್ಮೆಯ ಮೇಲೆ ಇಸ್ತ್ರಿ ಓಡಿದರೆ ಏಳುವ ವಾಸನೆ ಇಂದಿಗೂ ನನ್ನನ್ನು ರಾಮನಗರದ ನಮ್ಮ ಹಿತ್ತಲಿಗೆ ಎಳೆದೊಯ್ಯುತ್ತದೆ.

ಆ ಮಧ್ಯಾಹ್ನ ಅವ್ವ ಕುದಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆಗೂಡುಗಳಿಂದ ನೂಲು ಬಿಚ್ಚುತ್ತಿದ್ದಳು. ನಾನು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕಂಪ್ಯೂಟರ್ ಪ್ರೋಗ್ರಾಂ ಬರೆದು ಅಳಿಸುತ್ತಿದ್ದೆ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಯನ್ನು ಅದು ಗುರುತಿಸಬೇಕಿತ್ತು. ೧೨೨೧ಕ್ಕೆ ಹೌದು ಎನ್ನಬೇಕು. ಶಾಲೆಯ ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಂ ಯಾವ ಸಂಖ್ಯೆ ಕೊಟ್ಟರೂ ಅಲ್ಲ ಎಂದೇ ಹೇಳಿತ್ತು. ಮಾರನೆಯ ದಿನ ಪರೀಕ್ಷೆ.

"ಫೇಲಾದ್ರೆ ಓದಿದ್ದು ಸಾಕು ಕಣಮ್ಮಿ, ಅವ್ವನ ಜೊತೆ ಬಾಣಲೆಗೆ ಕೂತ್ಕೊ," ಎಂದು ಅಪ್ಪ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿತ್ತು.

ಅಳುತ್ತ ಅವ್ವನ ಕೈಯನ್ನೇ ನೋಡಿದೆ. ಒಂದು ಗೂಡಿನ ನೂಲೆಲ್ಲ ರಾಟೆಗೆ ಸುತ್ತಿಕೊಂಡಿತು. ನೀರಿನಲ್ಲಿ ಆ ಗೂಡೇ ಇರಲಿಲ್ಲ, ಬೆಂದ ಹುಳ ಮಾತ್ರ ಉಳಿದಿತ್ತು. ನನ್ನ ಪ್ರೋಗ್ರಾಂನಲ್ಲಿ ನಾನೂ ಸಂಖ್ಯೆಯ ಕೊನೆಯ ಅಂಕಿಯನ್ನು ಒಂದೊಂದಾಗಿ ಕಿತ್ತು ತಿರುಗುಮುರುಗಾಗಿ ಜೋಡಿಸಿದ್ದೆ. ಕಿತ್ತು ಮುಗಿಯುವಷ್ಟರಲ್ಲಿ ಮೊದಲಿನ ಸಂಖ್ಯೆ ಸೊನ್ನೆಯಾಗಿರುತ್ತಿತ್ತು. ತಿರುಗಿಸಿ ಜೋಡಿಸಿದ್ದನ್ನು ನಾನು ಹೋಲಿಸುತ್ತಿದ್ದುದು ಆ ಸೊನ್ನೆಯ ಜೊತೆ.

"ತಪ್ಪು ಸಿಕ್ತಾ?" ಎಂದಳು ಅವ್ವ.

"ಸಿಕ್ತು ಕಣವ್ವ. ಬಿಚ್ಚೋಕ್ ಮುಂಚೆ ಹೆಂಗಿತ್ತೋ ಅದ್ನ ಒಸಿ ಬೇರೆ ಕಡೆ ಎತ್ತಿಟ್ಕೋಬೇಕಿತ್ತು."

"ಹಂಗಾರೆ ಎತ್ತಿಟ್ಕೊ," ಎಂದು ಅವಳು ನನ್ನ ಕಣ್ಣೊರೆಸಿದಳು. ಬೆಂದು ಬೆಂದು ಬೆಳ್ಳಗಾಗಿದ್ದ ಆ ಬೆರಳ ತುದಿಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.