ಕಿವುಡು ಬಂದರು

ರೋಮನ್ ದಂಡನಾಯಕ ಹಡಗನ್ನು ಬಂಡೆಗಳಾಚೆ ನಿಲ್ಲಿಸಿ, ಮುದುಕ ಬೆಸ್ತನೊಬ್ಬನ ದೋಣಿಯಲ್ಲಿ ಒಬ್ಬನೇ ಬಂದರಿನೊಳಗೆ ಬಂದ. ನಕಾಶೆ ಬಿಡಿಸಿದ.

"ಇದರ ಹೆಸರೇನೋ?"

"ನಮ್ಮ ಗ್ರೀಕಲ್ಲಿ ಕೋಫೋಸ್, ಸ್ವಾಮಿ. ನಿಮ್ಮ ಲ್ಯಾಟಿನ್ನಲ್ಲಿ ಸುರ್ದುಸ್ ಅಂತ ಬರ್ಕೊಳ್ಳಿ. ಎರಡೂ ಕಿವುಡು ಅಂತಲೇ."

"ಕಿವುಡು ಯಾಕೆ?"

"ಹೊರಗೆ ಸಮುದ್ರ ಎಷ್ಟು ಮೊರೆದ್ರೂ ಇಲ್ಲಿಗೆ ಕೇಳ್ಸಲ್ಲ."

ದಂಡನಾಯಕ ನಕ್ಕ. "ಹತ್ತು ವರ್ಷದ ಹಿಂದೆ ಬೆಟ್ಟ ಇಳಿದು ಬಂದು ಈ ಊರಿನವರನ್ನೆಲ್ಲ ಕಡಿಸಿದವನು ನಾನೇ. ಆಗ ಹೆಸರು ಕೇಳೋಕೆ ಪುರಸೊತ್ತಿರಲಿಲ್ಲ."

"ಗೊತ್ತು, ಸ್ವಾಮಿ."

ಮುದುಕ ಹುಟ್ಟು ಕೆಳಗಿಟ್ಟು, ಮೀನು ಸೀಳುವ ಚೂರಿ ಎತ್ತಿಕೊಂಡ. ದಂಡನಾಯಕ ಹಡಗಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ.

"ಅವತ್ತು ನಿಮ್ಮ ಹಡಗು ನಿಂತಿರೋ ಜಾಗದಲ್ಲೇ ನಾನು ಬಲೆ ಹಾಕ್ತಿದ್ದೆ," ಎಂದ ಮುದುಕ. "ಇಲ್ಲಿ ನನ್ನ ಹೆಂಡ್ತಿ ಕೂಗಿಕೊಂಡಿದ್ದು ಕೇಳಿಸಲೇ ಇಲ್ಲ."